ಗಿಟಾರ್-ಡ್ರಮ್ಸ್ ಇಬ್ಬರೇ ಇರೋ ಬ್ಯಾಂಡಿಗೆ ಲೂಪರ್ ಆರಿಸಿದ್ದು: ನನ್ನ ಅನುಭವ

ನಮ್ಮದು ಇಬ್ಬರದೇ ಬ್ಯಾಂಡು, ನಾನು ಗಿಟಾರು, ಗೆಳೆಯ ಡ್ರಮ್ಸು, ಬೇಸ್ ನುಡಿಸೋರು ಯಾರೂ ಇಲ್ಲ. ನಾನು ಲೀಡ್ ಶುರು ಮಾಡಿದ ತಕ್ಷಣ ಕೆಳಗಿದ್ದ ರಿಫ್ (ಹಾಡಲ್ಲಿ ಮತ್ತೆ ಮತ್ತೆ ಬರೋ ಗಿಟಾರ್ ತುಣುಕು) ಮಾಯ ಆಗಿ ಹಾಡು ಬೋಳುಬೋಳಾಗಿ ಕೇಳ್ಸುತ್ತೆ, ಅದಕ್ಕೇ ಲೂಪರ್, ಅಂದ್ರೆ ನುಡಿಸಿದ್ದನ್ನ ಅಲ್ಲೇ ರೆಕಾರ್ಡ್ ಮಾಡಿ ಸುತ್ತಿಸುತ್ತಾ ಇರೋ ಕಾಲಿನ ಪೆಡಲ್, ಬೇಕೇಬೇಕು ಅಂತಾಯ್ತು. ದುಡ್ಡು ಜಾಸ್ತಿ ಹಾಕೋ ಹಾಗಿರ್ಲಿಲ್ಲ.

ಹುಡುಕೋಕೆ ಕೂತ್ರೆ ಮೊದಲು ಕಣ್ಣಿಗೆ ಬೀಳೋದು ಎಷ್ಟು ನಿಮಿಷ ರೆಕಾರ್ಡ್ ಆಗುತ್ತೆ ಅನ್ನೋ ನಂಬರು. ಟಿಸಿ ಎಲೆಕ್ಟ್ರಾನಿಕ್ ಡಿಟ್ಟೋ 5 ನಿಮಿಷ, ಬಾಸ್ ಆರ್‌ಸಿ-1 ಆದ್ರೆ 12 ನಿಮಿಷ, ಆರ್‌ಸಿ-5 ಅಂತೂ 13 ಗಂಟೆ. ಇದಕ್ಕೆಲ್ಲ ತಲೆ ಕೆಡಿಸ್ಕೋಬೇಡಿ. 120 ಬಿಪಿಎಂನಲ್ಲಿ (ನಿಮಿಷಕ್ಕೆ 120 ಬೀಟು) ನಾಲ್ಕು ಬಾರ್ ಅಂದ್ರೆ, ಬಾರ್‌ಗೆ ನಾಲ್ಕರಂತೆ, 16 ಬೀಟು, ಬರೀ 8 ಸೆಕೆಂಡು, ಅದನ್ನ ಡಬಲ್ ಮಾಡಿದ್ರೂ 16 ಸೆಕೆಂಡು. ನಮ್ಮಂಥೋರಿಗೆ 5 ನಿಮಿಷವೇ ಧಾರಾಳ.

ನಾನು ನೋಡಿದ್ದು ಲೂಪ್ ನಿಲ್ಸೋದು ಹೇಗೆ ಅಂತ. ಒಂದೇ ಸ್ವಿಚ್ ಇರೋ ಪೆಡಲ್‌ನಲ್ಲಿ ನಿಲ್ಲಿಸ್ಬೇಕಂದ್ರೆ ಎರಡು ಸಲ ಟಪಟಪ ತುಳೀಬೇಕು, ಅಂದ್ರೆ ಸರಿಯಾಗಿ ಒಂದನೇ ಬೀಟ್ ಮೇಲೆ ನಿಲ್ಲಬೇಕಾದ್ರೆ ಮೊದಲನೇ ತುಳಿತ ನಾಲ್ಕನೇ ಬೀಟ್ ಆದ ಮೇಲಿನ ಅರ್ಧ ಬೀಟ್‌ನಲ್ಲೇ ಬಿದ್ದಿರ್ಬೇಕು, ಅದೇ ಟೈಮಲ್ಲಿ ಕೈಯಲ್ಲಿ ಕಾರ್ಡ್ ಚೇಂಜ್ ಬೇರೆ. ಒಬ್ಬರೇ ಕೂತು ನುಡಿಸೋರಿಗೆ ಇದು ದೊಡ್ಡ ವಿಷಯ ಅಲ್ಲ. ಆದ್ರೆ ಡ್ರಮ್ಮರ್ ಕ್ರ್ಯಾಶ್ ಹೊಡೆದು ಪೂರ್ತಿ ನಿಲ್ಲಿಸೋ ಕಡೆ ಲೂಪ್ ಒಂದು ನೋಟ್ ಎಕ್ಸ್‌ಟ್ರಾ ಬಂದ್ರೂ ಮಾನ ಹೋಗುತ್ತೆ. ಅದಕ್ಕೇ ಸ್ಟಾಪ್‌ಗೆ ಅಂತಲೇ ಬೇರೆ ಸ್ವಿಚ್ ಇರ್ಲೇಬೇಕು ಅಂತ ಹಠ ಹಿಡಿದೆ. ಡಿಟ್ಟೋ ಎಕ್ಸ್2 ನೋಡಿದೆ, ಎಲೆಕ್ಟ್ರೋ-ಹಾರ್ಮೋನಿಕ್ಸ್ 720 ನೋಡಿದೆ, ಕೊನೆಗೆ 720 ಸೆಕೆಂಡ್ ಹ್ಯಾಂಡ್ ತಗೊಂಡೆ. 12 ನಿಮಿಷ, 10 ಲೂಪ್ ಸೇವ್ ಮಾಡ್ಬೋದು, ಸ್ಟೀರಿಯೋ ಔಟ್ ಇದೆ. ಆರ್‌ಸಿ-1 ಈಗಾಗ್ಲೇ ಇರೋರು ಮಾರೋಕೆ ಹೋಗ್ಬೇಡಿ, ಹೊರಗಿಂದ ಒಂದು ಫುಟ್‌ಸ್ವಿಚ್ ಜೋಡಿಸಿದ್ರೆ ಅದ್ರಲ್ಲೇ ಸ್ಟಾಪ್ ಮಾಡ್ಬೋದು.

ತಗೊಳೋ ಮುಂಚೆ ಇನ್ನೊಂದು ಚೆಕ್ ಮಾಡಿ: ಸ್ವಿಚ್ ಒತ್ತಿದಾಗ ಕೆಲಸ ಮಾಡುತ್ತೋ, ಕಾಲು ಎತ್ತಿದಾಗ ಮಾಡುತ್ತೋ. ಒತ್ತಿ ಹಿಡಿದ್ರೆ ಇನ್ನೊಂದು ಕೆಲಸ ಅಂತ ಕೊಟ್ಟಿರೋ ಪೆಡಲ್‌ಗಳಲ್ಲಿ ಕೆಲವು ಕಾಲು ಎತ್ತೋವರೆಗೂ ಕಾಯ್ತವೆ, ಆಗ ಲೂಪ್ ಪ್ರತಿ ಸಲ ಸ್ವಲ್ಪ ಲೇಟಾಗಿ ಮುಚ್ಕೊಳುತ್ತೆ, ಅಂದ್ರೆ ರೆಕಾರ್ಡಿಂಗ್ ಲೇಟಾಗಿ ಮುಗಿಯುತ್ತೆ. ಸೆಕೆಂಡ್ ಹ್ಯಾಂಡ್ ಆದ್ರೆ ನಿಧಾನಕ್ಕೂ ಜೋರಾಗೂ ತುಳಿದು ನೋಡಿ, ಸವೆದ ಸ್ವಿಚ್ ಒಂದೇ ತುಳಿತಕ್ಕೆ ಎರಡು ಸಲ ಹತ್ಕೊಳುತ್ತೆ.

ಇನ್ನು ಅಸಲಿ ತಲೆನೋವು, ಡ್ರಮ್ಮರ್‌ಗೆ ಲೂಪ್ ಕೇಳ್ಸೋದು. ಲೂಪ್ ಓಡೋಕೆ ಶುರುವಾದ್ಮೇಲೆ ಅದು ಯಾರಿಗೂ ಕಾಯಲ್ಲ, ಅವನೇ ಅದ್ರ ಜೊತೆ ಹೋಗ್ಬೇಕು, ಆದ್ರೆ ನನ್ನ ಆಂಪ್ ಮುಖ ಜನರ ಕಡೆ, ಅವನ ಕಿವಿ ತುಂಬ ಸಿಂಬಲ್ಲು. ನಾವು ಮಾಡಿದ್ದು ಇಷ್ಟೇ, ಲೂಪರ್‌ನ ಒಂದು ಔಟ್ ನನ್ನ ಆಂಪ್‌ಗೆ, ಇನ್ನೊಂದು ಅವನ ಹೈಹ್ಯಾಟ್ ಪಕ್ಕ ಇಟ್ಟಿರೋ ಬೇಸ್ ಆಂಪ್‌ಗೆ. ಬೇಸ್ ಆಂಪೇ ಯಾಕೆ ಅಂದ್ರೆ, ಲೂಪರ್‌ಗಿಂತ ಮುಂಚೆ ಆಕ್ಟೇವ್ ಪೆಡಲ್ (ಸ್ವರವನ್ನ ಒಂದು ಸಪ್ತಕ ಕೆಳಗಿಳಿಸೋದು) ಹಾಕಿ ಬೇಸ್ ಲೈನ್ ರೆಕಾರ್ಡ್ ಮಾಡ್ತೀನಿ. ಗಿಟಾರ್‌ನ ದಪ್ಪ ಇ ತಂತಿ ಸುಮಾರು 82 ಹರ್ಟ್ಸ್, ಒಂದು ಆಕ್ಟೇವ್ ಇಳಿಸಿದ್ರೆ 41, ಗಿಟಾರ್ ಆಂಪ್ ಸ್ಪೀಕರ್‌ಗೆ ಅಷ್ಟು ಕೆಳಗಿನ ಸದ್ದು ಸರಿಯಾಗಿ ಕೊಡೋಕೆ ಆಗಲ್ಲ. ಹೀಗೆ ಒಂದೇ ಆಂಪ್‌ನಲ್ಲಿ ಅವನ ಮಾನಿಟರೂ ಆಯ್ತು, ನಮ್ಮ ಬೇಸೂ ಆಯ್ತು.

ಕ್ಲಿಕ್ (ತಾಳ ಹಿಡಿಯೋಕೆ ಕಿವಿಗೆ ಬರೋ ಮೆಟ್ರೋನೋಮ್ ಟಿಕ್‌ಟಿಕ್) ಹಾಕೋಣ ಅಂತ ಅವನು ತುಂಬಾ ಹೇಳ್ದ, ನಾನು ಒಪ್ಲಿಲ್ಲ. ಕಾಲಲ್ಲಿ ಮುಚ್ಚಿದ 8 ಸೆಕೆಂಡ್ ಲೂಪ್ ಬರೀ 50 ಮಿಲಿಸೆಕೆಂಡ್ ಉದ್ದ ಆಯ್ತು ಅಂದ್ಕೊಳಿ, 10 ಸುತ್ತಿಗೆ ಅರ್ಧ ಸೆಕೆಂಡು, ಅಂದ್ರೆ 120 ಬಿಪಿಎಂನಲ್ಲಿ ಪೂರ್ತಿ ಒಂದು ಬೀಟೇ ಕ್ಲಿಕ್‌ನಿಂದ ಜಾರಿರುತ್ತೆ. ಕ್ಲಿಕ್ ಬೇಕೇ ಬೇಕು ಅನ್ನೋರು ಆರ್‌ಸಿ-5 ಥರ ಮಿಡಿ (ಉಪಕರಣಗಳು ಒಂದಕ್ಕೊಂದು ಸಿಗ್ನಲ್ ಕಳಿಸೋ ವ್ಯವಸ್ಥೆ) ಇರೋದು ತಗೊಂಡು ಅದ್ರ ಕ್ಲಾಕ್‌ಗೆ ಕಟ್ಟಿಹಾಕ್ಲಿ. ನಾವು ಕ್ಲಿಕ್ ಇಲ್ಲದೆ, ಅವನು ಕಡ್ಡಿಯಲ್ಲಿ ನಾಲ್ಕು ಎಣಿಸ್ತಾನೆ, ಒಂದರ ಮೇಲೆ ನಾನು ತುಳೀತೀನಿ, ಅವನು ನುಡಿಸ್ತಾ ಇರೋವಾಗ್ಲೇ ರಿಫ್ ರೆಕಾರ್ಡ್ ಆಗುತ್ತೆ, ಮತ್ತೆ ಒಂದರ ಮೇಲೆ ಮುಚ್ತೀನಿ. ಮೈಕ್ ಲೂಪರ್‌ಗೆ ಹೋಗ್ತಿಲ್ವಲ್ಲ, ಹಾಗಾಗಿ ಡ್ರಮ್ಸ್ ಅದ್ರೊಳಗೆ ಸೇರಲ್ಲ.

ಆಂಪ್‌ನ ಡಿಸ್ಟಾರ್ಷನ್ ಬಳಸೋರು ಲೂಪರ್‌ನ ಆಂಪ್ ಹಿಂದಿನ ಎಫೆಕ್ಟ್ಸ್ ಲೂಪ್‌ನಲ್ಲಿ (ಡಿಸ್ಟಾರ್ಷನ್ ಆದ್ಮೇಲೆ ಪೆಡಲ್ ಸೇರಿಸೋ ಜ್ಯಾಕ್‌ಗಳು) ಹಾಕಿ. ಆಂಪ್‌ಗಿಂತ ಮುಂಚೆ ಹಾಕಿದ್ರೆ ಲೂಪು, ಲೈವ್ ಗಿಟಾರು ಎರಡೂ ಒಂದೇ ಡಿಸ್ಟಾರ್ಷನ್‌ಗೆ ಒಟ್ಟಿಗೆ ನುಗ್ಗಿ ಕಲಸು ಮೇಲೋಗರ. ನನ್ನದು ಕ್ಲೀನ್ ಆಂಪ್, ಡ್ರೈವ್ ಎಲ್ಲ ಪೆಡಲ್‌ನಿಂದ, ಅದಾದ್ಮೇಲೆ ಲೂಪರ್, ಹಾಗಾಗಿ ತೊಂದ್ರೆ ಇಲ್ಲ. ಲೂಪ್ ಲೆವೆಲ್ ಮಾತ್ರ ಲೈವ್‌ಗಿಂತ ಒಂಚೂರು ಕಮ್ಮಿ ಇಡಿ.

ಸ್ಯಾಂಪ್ಲರ್ (ಒಳಗೆ ತುಂಬಿಟ್ಟ ಸದ್ದನ್ನ ಪ್ಯಾಡ್ ಹೊಡೆದಾಗ ನುಡಿಸೋ ಉಪಕರಣ) ಬಗ್ಗೆನೂ ಯೋಚಿಸಿದ್ವಿ. ಮೊದಲೇ ರೆಡಿ ಮಾಡಿದ ಸದ್ದು, ಯಾರದೋ ಮಾತು, ಕೀಬೋರ್ಡ್ ತುಣುಕು ಬೇಕಂದ್ರೆ ಅದೇ ಸರಿ, ಆದ್ರೆ ಅದು ನನ್ನ ಕಾಲ ಕೆಳಗೆ ಇರೋದಕ್ಕಿಂತ ಡ್ರಮ್ಮರ್ ಕಡ್ಡಿಗೆ ಸಿಗೋ ಕಡೆ ಇರ್ಬೇಕು, ಟೈಮಿಂಗ್ ಅವನ ಕೈಯಲ್ಲೇ ಇರುತ್ತೆ. ರೋಲ್ಯಾಂಡ್ ಎಸ್‌ಪಿಡಿ-ಎಸ್‌ಎಕ್ಸ್ ನಮ್ಮ ಕೈಗೆಟುಕೋದಲ್ಲ, ಒಂದೇ ಪ್ಯಾಡ್ ಇರೋ ಎಸ್‌ಪಿಡಿ ಒನ್ ವೇವ್ ಪ್ಯಾಡ್ ಮೇಲೆ ಅವನ ಕಣ್ಣಿದೆ. ನಮ್ಮ ಎರಡು ಹಾಡಿಗಷ್ಟೇ ಸ್ಯಾಂಪಲ್ ಬೇಕಿರೋದು, ಅದಕ್ಕೆ ಒಂದು ಪ್ಯಾಡ್ ಸಾಕು.