ಹಳೇ ಮಿಲಿಟರಿ ಫೋರ್ಕ್‌ಲಿಫ್ಟ್: ಬಿಡಿಭಾಗ ಹುಡುಕುವ ಮೊದಲು ಅಳತೆ ಹಿಡಿಯಿರಿ

ಅಮೆರಿಕದ ಸೇನೆ ಕೈಬಿಟ್ಟ ಹಳೇ ಫೋರ್ಕ್‌ಲಿಫ್ಟ್ ಕೊಂಡವರು ಕ್ಲಾರ್ಕ್, ಹೈಸ್ಟರ್ ಅಂತ ಕಂಪನಿ ಹೆಸರು ಹಿಡಿದು ಬಿಡಿಭಾಗಕ್ಕೆ ಅಲೆಯುತ್ತಾರೆ. ‘ಆ ಮಾಡೆಲ್ ನಿಂತುಹೋಗಿದೆ’ ಎಂಬ ಉತ್ತರ ಕೇಳಿ ಒಳ್ಳೆಯ ಗಾಡಿಯನ್ನು ಗುಜರಿಗೆ ಹಾಕುತ್ತಾರೆ. ಇದನ್ನು ನೋಡಿದಾಗಲೆಲ್ಲ ಸಂಕಟವಾಗುತ್ತದೆ. ಅದರೊಳಗಿನ ಎಷ್ಟೋ ಭಾಗಗಳು ಇವತ್ತಿಗೂ ಸಿಗುತ್ತವೆ, ಕೇಳುವ ಕ್ರಮ ಗೊತ್ತಿರಬೇಕು ಅಷ್ಟೆ.

1. ನಂಬರ್ ಓದಿ. ಗಾಡಿಯ ಫಲಕದಲ್ಲಿ ಸೇನೆಯ 13 ಅಂಕಿಯ ಸರಕು ಸಂಖ್ಯೆ, ಅಂದರೆ ಎನ್‌ಎಸ್‌ಎನ್ ಹುಡುಕಿ. ಮೊದಲ 4 ಅಂಕಿ ವರ್ಗ ಹೇಳುತ್ತವೆ: ಫೋರ್ಕ್‌ಲಿಫ್ಟ್ 3930, ಬೇರಿಂಗ್ 3110, ಸೀಲ್ ಮತ್ತು ಗ್ಯಾಸ್ಕೆಟ್ 5330. ಮುಂದಿನ 2 ದೇಶದ್ದು: 00 ಮತ್ತು 01 ಅಮೆರಿಕ, 99 ಬ್ರಿಟನ್, 72 ಭಾರತ. ಸೇನೆಯ ಕೈಪಿಡಿಗಳಲ್ಲಿ ಸಂಖ್ಯೆಯ ಕೊನೆಗೆ ‘ಪಿ’ ಇರುವುದನ್ನೇ ತರಿಸಿ, ಬಿಡಿಭಾಗಗಳ ಪಟ್ಟಿ ಅದರಲ್ಲಿರುತ್ತದೆ. ಅಲ್ಲಿ ತಯಾರಕರ ನಂಬರೂ ಇರುತ್ತದೆ. ಬೇರಿಂಗ್ ಎದುರು ಟಿಮ್ಕೆನ್ ಕಂಪನಿಯ ನಂಬರ್ ಕಂಡಿತೋ, ಬೇರಿಂಗ್ ಅಂಗಡಿಗೆ ಹೋದರೆ ಸಾಕು.

2. ಎಣ್ಣೆ, ಫಿಲ್ಟರ್ ಬದಲಿಸಿ.

3. ಸಿಲಿಂಡರ್ ಸೀಲ್. ಹೆಚ್ಚಿನವರು ಕೆಡಿಸಿಕೊಳ್ಳುವುದು ಇಲ್ಲೇ. ಮಾಸ್ಟ್ (ಫೋರ್ಕ್ ಏರಿಳಿಯುವ ಮುಂದಿನ ಕಂಬ) ಪೂರ್ತಿ ಇಳಿಸದೆ ಕೈ ಹಾಕಬೇಡಿ. ಸಿಲಿಂಡರ್ ರಾಡ್ 2 ಇಂಚಿನದು, ಅಂದರೆ 50.8 ಮಿ.ಮೀ. ಎಂದಿಟ್ಟುಕೊಳ್ಳಿ. ಅಂಗಡಿಯಲ್ಲಿ 50ರ ಸೀಲ್ ಕೊಟ್ಟು ‘ಕೂತ್ಕೊಳ್ಳುತ್ತೆ ಸಾರ್’ ಅನ್ನುತ್ತಾರೆ. ಕೂರುತ್ತದೆ ನಿಜ, ಆದರೆ ಬಿಗಿಯಾಗಿ ಉಜ್ಜಿಕೊಂಡು ಬೇಗ ಸವೆದು ಎಣ್ಣೆ ಜಿನುಗಿಸುತ್ತದೆ. ಹಳೇ ಸೀಲನ್ನು ಅಳೆಯುವುದೂ ತಪ್ಪು, ಅದು ಎಣ್ಣೆ ಕುಡಿದು ಉಬ್ಬಿರುತ್ತದೆ. ವರ್ನಿಯರ್ ಹಿಡಿದು ರಾಡಿನ ವ್ಯಾಸ, ಸೀಲ್ ಕೂರುವ ಕೊರೆಯ ತಳದ ವ್ಯಾಸ, ಆ ಕೊರೆಯ ಅಗಲ ಮೂರನ್ನೂ ಬರೆದುಕೊಳ್ಳಿ. ಇಂಚಿನ ಸೀಲನ್ನೇ ತರಿಸಿ, ಪಾಲಿಯುರೆಥೇನ್‌ನದೇ ಆಗಲಿ. ‘ಎಲ್ಲದಕ್ಕೂ ಆಗುತ್ತೆ’ ಎನ್ನುವ ಕಿಟ್ ಮುಟ್ಟಬೇಡಿ. ರಾಡಿನ ಮೇಲೆ ಉಗುರು ಎಳೆದು ನೋಡಿ. ಗೀರಿಗೆ ಸಿಕ್ಕಿಕೊಂಡರೆ ಮೊದಲು ರಾಡಿಗೆ ಹಾರ್ಡ್ ಕ್ರೋಮ್ (ಗಟ್ಟಿ ಕ್ರೋಮಿಯಂ ಲೇಪ) ಮಾಡಿಸಿ, ಇಲ್ಲವಾದರೆ ಹೊಸ ಸೀಲೂ ಹರಿಯುತ್ತದೆ. ಸೀಲನ್ನು ಬಿಸಿ ಎಣ್ಣೆಯಲ್ಲಿ ಮೆತ್ತಗೆ ಮಾಡಿ, ರಾಡ್ ತುದಿಯ ಥ್ರೆಡ್‌ಗೆ ಟೇಪ್ ಸುತ್ತಿ ಒಳಗೆ ಸರಿಸಿ. ಸ್ಕ್ರೂಡ್ರೈವರ್ ಹತ್ತಿರವೂ ತರಬೇಡಿ, ಒಂದು ಸಣ್ಣ ಕಚ್ಚು ಬಿದ್ದರೂ ಸೀಲ್ ದಂಡ.

ಹೋಸ್ ಫಿಟ್ಟಿಂಗ್‌ನಲ್ಲೂ ಇದೇ ಗೋಳು. ಅಮೆರಿಕದ ಜೆಐಸಿ ಮಾದರಿಯ ಫಿಟ್ಟಿಂಗ್ 37 ಡಿಗ್ರಿ ಕೋನದ್ದು, ನಮ್ಮಲ್ಲಿ ಸುಲಭವಾಗಿ ಸಿಗುವ ಬ್ರಿಟಿಷ್ ಮಾದರಿಯ ಬಿಎಸ್‌ಪಿ ಬೇರೆಯೇ. ಒಂದೆರಡು ಸುತ್ತು ಹತ್ತಿತೆಂದು ಸ್ಪ್ಯಾನರ್ ಹಾಕಿ ತಿರುಗಿಸಿದರೆ ಥ್ರೆಡ್ ಹೋಯಿತು. ಜೆಐಸಿಗೆ ಟೆಫ್ಲಾನ್ ಟೇಪ್ ಸುತ್ತುವವರಿದ್ದಾರೆ. ಅಲ್ಲಿ ಎಣ್ಣೆ ತಡೆಯುವುದು ಕೋನವೇ ಹೊರತು ಥ್ರೆಡ್ ಅಲ್ಲ, ಟೇಪಿನ ಚೂರು ವಾಲ್ವಿಗೆ ಸೇರುತ್ತದೆ. ಎಲ್ಲಿ ಸೋರುತ್ತಿದೆ ಎಂದು ಕೈಯಿಂದ ಸವರಲೇಬೇಡಿ, ಒತ್ತಡದ ಎಣ್ಣೆ ಚರ್ಮ ತೂರಿ ಒಳಹೋಗುತ್ತದೆ. ರಟ್ಟಿನ ತುಂಡು ಹಿಡಿಯಿರಿ.

4. ಚೈನ್. ಪುಲ್ಲಿಯ ಮೇಲೆ ಓಡಾಡುವ ಭಾಗವನ್ನು ಬಿಗಿಯಾಗಿಟ್ಟು ಅಳೆಯಿರಿ. ಮುಕ್ಕಾಲು ಇಂಚಿನ ಚೈನಿನ 20 ಪಿಚ್ (ಒಂದು ಪಿನ್ನಿನಿಂದ ಮುಂದಿನ ಪಿನ್ನಿನ ದೂರ ಒಂದು ಪಿಚ್) ಹೊಸದರಲ್ಲಿ 381 ಮಿ.ಮೀ. ಇರುತ್ತದೆ. 392 ದಾಟಿದರೆ 3% ಹಿಗ್ಗಿದೆ ಎಂದರ್ಥ, ಎರಡೂ ಚೈನ್ ಒಟ್ಟಿಗೆ ಬದಲಿಸಿ. ಒಂದು ಕೊಂಡಿ ತೆಗೆದು ಗಿಡ್ಡ ಮಾಡುವ ಉಪಾಯ ಬೇಡವೇ ಬೇಡ. ಫೋರ್ಕಿನ ಹಿಮ್ಮಡಿ (ಅದು ಬಾಗಿ ಮೇಲೇರುವ ಮೂಲೆ) ದಪ್ಪದಲ್ಲಿ 10% ಸವೆದಿದ್ದರೆ ಫೋರ್ಕನ್ನೂ ಬದಲಿಸಿ. ಬೆಸುಗೆ ಹಾಕಿ ದಪ್ಪ ಮಾಡಿಸಬೇಡಿ.

5. ಬ್ರೇಕ್. ಡಬ್ಬಿಯಲ್ಲಿ ನೇರಳೆ ಬಣ್ಣದ ದ್ರವ ಕಂಡರೆ ಅದು ಸಿಲಿಕೋನಿನ ಡಾಟ್ 5 ದರ್ಜೆಯ ಬ್ರೇಕ್ ಎಣ್ಣೆ ಇರಬಹುದು. ಅದರ ಮೇಲೆ ಡಾಟ್ 3 ಅಥವಾ 4 ಸುರಿಯಬೇಡಿ, ಎರಡೂ ಬೆರೆಯುವುದಿಲ್ಲ. ಬದಲಿಸುವುದಾದರೆ ಪೈಪು ಪೂರ್ತಿ ಖಾಲಿ ಮಾಡಿ ತೊಳೆದು, ರಬ್ಬರ್ ಕಪ್‌ಗಳನ್ನೂ ಹೊಸದಾಗಿ ಹಾಕಿ.