ಪಾಂಡಿಚೇರಿಯಲ್ಲಿ ಇಬ್ಬರಿಗೆ ಒಂದು ರೂಮು: ನಾವು ಏರಿಯಾ ಆರಿಸಿಕೊಂಡ ರೀತಿ

ಪಾಂಡಿಗೆ ಇಬ್ಬರೇ ಹೋಗುತ್ತಿದ್ದೇವೆ, ಯಾವ ಏರಿಯಾದಲ್ಲಿ ಉಳಿದುಕೊಳ್ಳಲಿ ಎಂದು ಗೆಳತಿಯರು ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ. ಬೆಳಿಗ್ಗೆ ಆರಕ್ಕೆ ಮತ್ತು ರಾತ್ರಿ ಒಂಬತ್ತೂವರೆಗೆ ನೀವಿಬ್ಬರೂ ಎಲ್ಲಿರಬೇಕು? ಹಗಲಲ್ಲಿ ಎಲ್ಲಿ ತಿರುಗುತ್ತೀರಿ ಅನ್ನುವುದು ಅಷ್ಟು ಮುಖ್ಯ ಅಲ್ಲ. ಆಟೋ ಇದೆ, ಬಾಡಿಗೆ ಸ್ಕೂಟರ್ ಇದೆ, ಊರೂ ಚಿಕ್ಕದು. ಆದರೆ ಎದ್ದು ಮುಖ ತೊಳೆದು ಹಾಗೇ ಕಡಲ ಹತ್ತಿರ ನಡೆದುಕೊಂಡು ಹೋಗುವುದು, ರಾತ್ರಿ ಊಟ ಮುಗಿಸಿ ಅದೂ ಇದೂ ಮಾತಾಡುತ್ತಾ ನಡೆದೇ ವಾಪಸ್ ಬರುವುದು, ಇವೆರಡಕ್ಕೂ ಗಾಡಿ ಹುಡುಕಬೇಕಾಗಿ ಬಂದರೆ ಅರ್ಧ ಮಜಾ ಅಲ್ಲೇ ಹೋಯಿತು. ಶನಿವಾರ-ಭಾನುವಾರದಂಥ ಚಿಕ್ಕ ಪ್ರವಾಸದಲ್ಲಂತೂ ಇನ್ನೂ ಜಾಸ್ತಿ.

ನಾವು ಹೋಗಿದ್ದು ಬೆಂಗಳೂರಿನಿಂದ. ಮಗನನ್ನು ಅಜ್ಜಿ ಮನೆಯಲ್ಲಿ ಬಿಟ್ಟು, ತುಂಬಾ ದಿನದ ಮೇಲೆ ಇಬ್ಬರೇ. ಇವರಿಗೆ ಬೇಕಾಗಿದ್ದು ಕಡಲು ಮತ್ತು ನಿದ್ದೆ. ನನಗೆ ಹಳೇ ಬೀದಿಗಳು, ಹಳೇ ಮನೆ, ಮತ್ತು ಆರೂವರೆಯೊಳಗೆ ಒಂದು ಒಳ್ಳೆಯ ಫಿಲ್ಟರ್ ಕಾಫಿ. ಕಾಫಿ ಮಾತನ್ನು ತಮಾಷೆ ಅಂದುಕೊಳ್ಳಬೇಡಿ. ಕೊನೆಗೆ ಏರಿಯಾ ತೀರ್ಮಾನವಾಗಿದ್ದು ಅದರ ಮೇಲೇ.

ಮೊದಲು ಮ್ಯಾಪ್ ತೆರೆದು ಕೂತೆ. ಹೋಟೆಲ್ ಆ್ಯಪ್ ಅಲ್ಲ, ಬರೀ ಮ್ಯಾಪ್. ಹೋಟೆಲ್ ಆ್ಯಪ್ ತೆರೆದರೆ ಚೆಂದದ ಹಾಸಿಗೆಯ ಫೋಟೋ ನೋಡಿ ಮನಸ್ಸು ಅಲ್ಲೇ ನಿಂತುಬಿಡುತ್ತದೆ, ಆಮೇಲೆ ಆ ಹೋಟೆಲ್ ಎಲ್ಲಿದೆಯೋ ಅದೇ ಒಳ್ಳೆಯ ಏರಿಯಾ ಎಂದು ನಮಗೆ ನಾವೇ ಹೇಳಿಕೊಳ್ಳುತ್ತೇವೆ. ಮ್ಯಾಪಿನಲ್ಲಿ ಹಳೇ ಪಾಂಡಿ ಚೆನ್ನಾಗಿ ಅರ್ಥವಾಗುತ್ತದೆ. ಪೂರ್ವಕ್ಕೆ ಕಡಲು. ಊರ ಸುತ್ತ ಮೊಟ್ಟೆ ಆಕಾರದಲ್ಲಿ ಬುಲೆವಾರ್ಡ್ ರಸ್ತೆ. ಅದರೊಳಗೆ ಗೆರೆ ಎಳೆದಂತೆ ನೇರ ಬೀದಿಗಳು, ನಡುವೆ ಉತ್ತರ-ದಕ್ಷಿಣವಾಗಿ ಒಂದು ಕಾಲುವೆ. ಕಾಲುವೆಗೂ ಕಡಲಿಗೂ ಮಧ್ಯೆ ಇರುವುದು ವೈಟ್ ಟೌನ್, ಅಂದರೆ ಫ್ರೆಂಚರು ವಾಸವಿದ್ದ ಭಾಗ. ಕಾಲುವೆಯ ಪಶ್ಚಿಮಕ್ಕೆ ತಮಿಳರ ಬೀದಿಗಳು, ಅದರ ದಕ್ಷಿಣಕ್ಕೆ ಮುಸ್ಲಿಮರ ಬೀದಿಗಳು. 1674ರಲ್ಲಿ ಬಂದು ನೆಲೆಯೂರಿದ ಫ್ರೆಂಚರು ಊರನ್ನು ಭಾರತದ ಕೈಗೆ ಕೊಟ್ಟಿದ್ದು 1954ರ ನವೆಂಬರ್ 1ರಂದು. ನಮ್ಮ ರಾಜ್ಯೋತ್ಸವದ ದಿನವೇ, ಎರಡು ವರ್ಷ ಮೊದಲು. ಅಷ್ಟು ದಿನ ಎರಡೂ ಕಡೆಯವರು ಕಾಲುವೆಯ ಆಚೆ ಈಚೆ ಬೇರೆ ಬೇರೆಯಾಗಿ ಬದುಕಿದ್ದು ಇವತ್ತಿಗೂ ಮನೆಗಳಲ್ಲಿ ಕಾಣುತ್ತದೆ. ನಮಗೆ ಮುಖ್ಯವಾಗಿದ್ದು, ಬೆಳಗಿನ ತಿಂಡಿಯಲ್ಲೂ ಕಾಣುತ್ತದೆ!

ಎಲ್ಲರೂ ಹೇಳುವುದು ವೈಟ್ ಟೌನ್‌ನಲ್ಲೇ ಉಳಿಯಿರಿ ಎಂದು. ತಪ್ಪೇನಿಲ್ಲ. ಹಳದಿ ಗೋಡೆ, ಗೋಡೆ ಮೇಲಿಂದ ಇಳಿದ ಕಾಗದದ ಹೂವು, ರೂ ದ್ಯೂಮಾ, ರೂ ಸುಫ್ರೆನ್ (ರೂ ಅಂದರೆ ಫ್ರೆಂಚಿನಲ್ಲಿ ಬೀದಿ) ಎಂದು ಬರೆದ ನೀಲಿ ಬೋರ್ಡುಗಳು, ವಾರದ ದಿನ ಹೋದರೆ ನಿಜಕ್ಕೂ ಹಿತವಾಗಿರುತ್ತದೆ. ಬೀಚ್ ರೋಡಿನಲ್ಲಿ ಸಂಜೆ 6ರಿಂದ ಬೆಳಿಗ್ಗೆ 7.30ರವರೆಗೆ ಗಾಡಿಗಳನ್ನು ಬಿಡುವುದಿಲ್ಲ, ಹಾಗಾಗಿ ಪೂರ್ತಿ ರಸ್ತೆ ನಡೆಯುವವರದ್ದೇ. ಆದರೆ ಶನಿವಾರ ಇದೇ ಬೀದಿಗಳಲ್ಲಿ ಪ್ರತಿ ಹಳದಿ ಗೋಡೆಯ ಮುಂದೆಯೂ ಒಂದು ಕ್ಯಾಮೆರಾ ಇರುತ್ತದೆ. ಪ್ರಿ-ವೆಡ್ಡಿಂಗ್ ಶೂಟ್‌ನವರು ಒಬ್ಬರಾದ ಮೇಲೆ ಒಬ್ಬರು ಕಾಯುತ್ತಾ ನಿಂತಿರುತ್ತಾರೆ, ಅವರಲ್ಲಿ ಅರ್ಧ ಜನ ನಮ್ಮ ಊರಿನವರೇ, "ಸ್ವಲ್ಪ ಸೈಡಿಗೆ ಬನ್ನಿ ಮೇಡಂ" ಎಂದು ಕನ್ನಡದಲ್ಲೇ ಹೇಳುತ್ತಾರೆ. ರೂಮಿನ ಬೆಲೆಯೂ ವಾರಾಂತ್ಯಕ್ಕೆ ಏರಿರುತ್ತದೆ. ಇನ್ನೊಂದು, ಅಲ್ಲಿನ ಕೆಫೆಗಳಲ್ಲಿ ಹೆಚ್ಚಿನವು ಬಾಗಿಲು ತೆರೆಯುವುದು ನಿಧಾನಕ್ಕೆ. ಕ್ರೊಸ್ಸಾಂಟ್ ಒಂಬತ್ತು ಗಂಟೆಗೆ ಚೆಂದ. ಆರೂವರೆಗೆ ನನಗೆ ಬೇಕಾಗಿದ್ದು ಇಡ್ಲಿ ವಡೆ.

ಕಡಲ ಎದುರಿನ ರೂಮೇ ಬೇಕು ಎನ್ನುವವರಿಗೂ ಒಂದು ಮಾತು. ಪಾಂಡಿ ಊರೊಳಗಿನ ಕಡಲು ನಮ್ಮ ಗೋಕರ್ಣ, ಮಲ್ಪೆಯ ಥರ ಮರಳಿನ ತೀರ ಅಲ್ಲ. ದಕ್ಷಿಣಕ್ಕೆ ಬಂದರು ಕಟ್ಟಿದ ಮೇಲೆ ಮರಳು ಬರುವುದು ನಿಂತು ತೀರ ಕೊಚ್ಚಿಹೋಯಿತು, ರಸ್ತೆ ಉಳಿಸಲು ಕಪ್ಪು ಬಂಡೆ ಸುರಿದರು. ಈಚೆಗೆ ಉತ್ತರ ಭಾಗದಲ್ಲಿ ಸ್ವಲ್ಪ ಮರಳು ತಿರುಗಿ ಬಂದಿದೆ ಅಷ್ಟೇ. ಕೂರಲು, ನೋಡಲು, ನಡೆಯಲು ಸೊಗಸಾದ ಜಾಗ. ಈಜುವುದಕ್ಕಲ್ಲ. ಸೂರ್ಯ ಹುಟ್ಟುವುದು ಕಡಲಲ್ಲೇ, ಆದ್ದರಿಂದ ಬೆಳಗಿನ ಹೊತ್ತಿಗೆ ಬೆಲೆ. ಸಂಜೆ ಕಡಲಲ್ಲಿ ಸೂರ್ಯ ಮುಳುಗುವುದನ್ನು ನೋಡೋಣ ಎಂದು ಹೋದರೆ ಸಿಗುವುದು ತಂಗಾಳಿ ಮಾತ್ರ.

ಇವರ ಆಸೆ ಸೆರೆನಿಟಿ ಬೀಚಿನ ಕಡೆ ಇತ್ತು. "ಮರಳಿರುತ್ತೆ, ಗಲಾಟೆ ಇರಲ್ಲ, ಸುಮ್ನೆ ಮಲಗಬಹುದು ನೋಡೇ" ಎಂದರು. ನಾನೂ ನೋಡಿದೆ. ಅದು ಊರಿಂದ ಉತ್ತರಕ್ಕೆ, ಚೆನ್ನೈ ಕಡೆಗಿನ ಈಸಿಆರ್ (ಈಸ್ಟ್ ಕೋಸ್ಟ್ ರೋಡ್) ಹೆದ್ದಾರಿಯಲ್ಲಿ ಹೋಗಬೇಕು. ದೇಶ ವಿದೇಶದ ಜನ ಸೇರಿ ಕಟ್ಟಿದ ಊರು ಆರೋವಿಲ್ ಇನ್ನೂ ಮುಂದೆ, ಹತ್ತು ಕಿಲೋಮೀಟರಿನ ಮೇಲೆ. ಹಗಲಿಗೆ ಸರಿ. ರಾತ್ರಿ ಊರಲ್ಲಿ ಊಟ ಮಾಡಿ ಆ ರಸ್ತೆಯಲ್ಲಿ ಸ್ಕೂಟರಿನಲ್ಲಿ ವಾಪಸ್ ಹೋಗುವುದು, ಅದೂ ವಾರಾಂತ್ಯ, ಅದೂ ಪಾಂಡಿಯಲ್ಲಿ! ಅಲ್ಲಿ ಮದ್ಯ ಅಗ್ಗ ಎಂದೇ ಎಷ್ಟೋ ಜನ ಗಾಡಿ ಕಟ್ಟಿಕೊಂಡು ಬರುತ್ತಾರೆ. "ರೀ, ರಾತ್ರಿ ಒಂಬತ್ತೂವರೆಗೆ ಆ ರಸ್ತೆಯಲ್ಲಿ ಯಾರ ಜೊತೆ ಗಾಡಿ ಓಡಿಸ್ತೀರ?" ಎಂದು ಕೇಳಿದೆ. ಅಲ್ಲಿಗೆ ಸೆರೆನಿಟಿ ಕಥೆ ಮುಗಿಯಿತು. ನಾಲ್ಕೈದು ದಿನ ಇರುವವರಿಗೆ, ಹೊರಗೆಲ್ಲೂ ಹೋಗದೆ ರೆಸಾರ್ಟಿನೊಳಗೇ ಇರುವವರಿಗೆ ಆ ಕಡೆಯೇ ಒಳ್ಳೆಯದು, ಅದು ಬೇರೆ ಮಾತು.

ಉಳಿದಿದ್ದು ಕಾಲುವೆಯ ಪಶ್ಚಿಮ. ನಾವು ಆರಿಸಿಕೊಂಡಿದ್ದೂ ಅದೇ, ತಮಿಳರ ಬೀದಿಗಳಲ್ಲಿ ಒಂದು ಹಳೇ ಮನೆ. ವೈಶ್ಯಾಳ್ ಬೀದಿ ಎಂದು ಒಂದಿದೆ. ಅಲ್ಲಿನ ಹಳೇ ಮನೆಗಳ ಸಾಲನ್ನು ಮತ್ತೆ ಸರಿಪಡಿಸಿದ ಕೆಲಸಕ್ಕೆ 2008ರಲ್ಲಿ ಯುನೆಸ್ಕೋದ ಏಷ್ಯಾ-ಪೆಸಿಫಿಕ್ ಪರಂಪರೆ ಪ್ರಶಸ್ತಿ ಬಂದಿತ್ತು. ಅದರ ಸುತ್ತಮುತ್ತ, ಪೆರುಮಾಳ್ ಕೋಯಿಲ್ ಬೀದಿ, ಈಶ್ವರನ್ ಕೋಯಿಲ್ ಬೀದಿ ಕಡೆ, ಮನೆ ಮುಂದೆ ಜಗುಲಿ, ಒಳಗೆ ತೊಟ್ಟಿ, ಸುತ್ತ ಮರದ ಕಂಬ. ಕೆಲವು ಮನೆಗಳಲ್ಲಿ ಕೆಳಗೆ ಪೂರ್ತಿ ತಮಿಳು ಮನೆ, ಮೇಲಿನ ಅಂತಸ್ತಿಗೆ ಮಾತ್ರ ಫ್ರೆಂಚರ ಕಮಾನು ಕಿಟಕಿ. ನಮಗೆ ತೊಟ್ಟಿ ಮನೆ ಹೊಸದೇನಲ್ಲ, ಆದರೆ ಪಾಂಡಿಯ ಸೆಕೆಯಲ್ಲಿ ಅದು ಯಾಕೆ ಬೇಕು ಅನ್ನುವುದು ಮಧ್ಯಾಹ್ನ ಒಂದಕ್ಕೆ ಗೊತ್ತಾಗುತ್ತದೆ. ಹನ್ನೊಂದರಿಂದ ನಾಲ್ಕರವರೆಗೆ ಹೊರಗೆ ಕಾಲಿಡಲು ಆಗದ ದಿನಗಳೇ ಜಾಸ್ತಿ. ಅಂದರೆ ಆ ಹೊತ್ತೆಲ್ಲ ರೂಮಲ್ಲೇ, ಇಲ್ಲ ತೊಟ್ಟಿಯಲ್ಲಿ. ರೊಮ್ಯಾಂಟಿಕ್ ಪ್ರವಾಸ ಎಂದರೆ ಇಬ್ಬರಿಗೂ ಏನೂ ಕೆಲಸವಿಲ್ಲದ ಹೊತ್ತು ಇರಬೇಕು, ಅಲ್ವಾ? ಅದು ಇಲ್ಲಿ ತಾನಾಗಿ ಸಿಗುತ್ತದೆ. ಕಡಲ ನೋಟಕ್ಕೆ ಕೊಡುವ ದುಡ್ಡನ್ನು ಗಾಳಿ ಬೆಳಕು ಇರುವ ರೂಮಿಗೆ ಕೊಡಿ.

ಅಲ್ಲಿಂದ ಕಡಲಿಗೆ ಹತ್ತು ಹನ್ನೆರಡು ನಿಮಿಷದ ನಡಿಗೆ. ಕಾಲುವೆ ದಾಟಿದರೆ ವೈಟ್ ಟೌನ್, ಹಾಗೇ ಮುಂದೆ ಹೋದರೆ ಮನಕುಳ ವಿನಾಯಕರ ಗುಡಿ, ಅರವಿಂದ ಆಶ್ರಮ, ಬೀಚ್ ರೋಡ್. ಶೂಟಿಂಗಿನವರು ಏಳುವ ಮೊದಲೇ ಹಳದಿ ಗೋಡೆಗಳನ್ನೆಲ್ಲ ನೋಡಿ ಮುಗಿಸಿ ವಾಪಸ್ ಬಂದು, ಬೀದಿ ಮೂಲೆಯ ಹೋಟೆಲಿನಲ್ಲಿ ಪೊಂಗಲ್, ವಡೆ, ಸ್ಟೀಲ್ ಲೋಟದ ಕಾಫಿ. ಇವರು ಬಂದ ದಾರಿಯಲ್ಲೇ ಹೋಗಿ ಮತ್ತೆ ಮಲಗಿದರು. ಇಬ್ಬರಿಗೂ ಬೇಕಾಗಿದ್ದು ಸಿಕ್ಕಿತು.

ಏರಿಯಾ ಸರಿ ಇದ್ದರೂ ಬೀದಿ ತಪ್ಪಬಹುದು, ಇದನ್ನು ಜನ ಮರೆಯುತ್ತಾರೆ. ಕಾಲುವೆಗೆ ಅಂಟಿಕೊಂಡ ಬೀದಿ ಬೇಡ, ಹೆಸರಿಗೆ ಕಾಲುವೆ, ವಾಸನೆ ಮೋರಿಯದು. ನೆಹರೂ ಬೀದಿ, ಎಂ.ಜಿ. ರೋಡ್, ಮಿಷನ್ ಬೀದಿ ಮೇಲೇ ಇರುವ ಲಾಡ್ಜ್ ಬೇಡ, ಹಾರ್ನ್ ನಿಲ್ಲುವುದಿಲ್ಲ. ಭಾನುವಾರ ಎಂ.ಜಿ. ರೋಡಿನಲ್ಲಿ ಉದ್ದಕ್ಕೂ ಸಂತೆ ಕೂರುತ್ತದೆ. ನೋಡಲು ಹೋಗಿ, ಪಕ್ಕದಲ್ಲಿ ಮಲಗಬೇಡಿ. ಧನುರ್ಮಾಸದಲ್ಲಿ ಹೋಗುವವರು ಗುಡಿಯ ಪಕ್ಕದ ಮನೆ ತೆಗೆದುಕೊಂಡರೆ ಬೆಳಗಿನ ಜಾವಕ್ಕೇ ಧ್ವನಿವರ್ಧಕ ಎಬ್ಬಿಸುತ್ತದೆ. ನನಗೆ ಅದು ಇಷ್ಟ. ಇವರಿಗಲ್ಲ.

ಹಾಗಾಗಿ ಮ್ಯಾಪಿನಲ್ಲಿ ಬೀದಿಯ ಫೋಟೋಗಳನ್ನು ನೋಡಿದೆ, ಆಮೇಲೆ ರಿವ್ಯೂ. ಐದು ಸ್ಟಾರಿನವು ಎಲ್ಲಾ ಒಂದೇ ಥರ, ಓದಿ ಪ್ರಯೋಜನ ಇಲ್ಲ. ಎರಡು, ಮೂರು ಸ್ಟಾರ್ ಕೊಟ್ಟವರು ವಿವರವಾಗಿ ಬೈದಿರುತ್ತಾರೆ. ಅದರಲ್ಲಿ ಸಿಬ್ಬಂದಿ ಮಾತು ಸರಿ ಇಲ್ಲ, ತಿಂಡಿ ತಣ್ಣಗಿತ್ತು ಅನ್ನುವುದನ್ನೆಲ್ಲ ಬಿಟ್ಟು ಸದ್ದು, ವಾಸನೆ, ಕಿಟಕಿ, ಸೊಳ್ಳೆ ಈ ನಾಲ್ಕನ್ನು ಮಾತ್ರ ಹುಡುಕಿದೆ. ಒಂದು ಜಾಗ ನಮಗೆ ಬಹಳ ಹಿಡಿಸಿತ್ತು, ಆದರೆ ಮೂವರು ಬೇರೆ ಬೇರೆ ತಿಂಗಳಲ್ಲಿ ಜನರೇಟರ್ ಸದ್ದಿನ ಬಗ್ಗೆ ಬರೆದಿದ್ದರು. ಬಿಟ್ಟೆವು.

ಕೊನೆಗೆ ಫೋನ್. ಬುಕ್ ಮಾಡುವ ಮೊದಲು ಮಾಡಬೇಕು, ಆಮೇಲೆ ಅಲ್ಲ. ರೂಮಿನ ಕಿಟಕಿ ಎಲ್ಲಿಗೆ ತೆರೆಯುತ್ತದೆ ಎಂದು ಕೇಳಿದೆ. ಹಳೇ ಮನೆಗಳಲ್ಲಿ ಕೆಲವು ರೂಮಿಗೆ ಕಿಟಕಿ ಇರುವುದು ತೊಟ್ಟಿಯ ಕಡೆಗೆ ಮಾತ್ರ, ಅಂದರೆ ಪಕ್ಕದ ರೂಮಿನವರು ನಕ್ಕಿದ್ದೂ ಕೇಳುತ್ತದೆ. "ಮೇಲಿನ ಮೂಲೆ ರೂಮ್ ಕೊಡ್ತೀವಿ ಅಮ್ಮಾ, ಬೀದಿ ಕಡೆ ಒಂದು ಕಿಟಕಿ ಇದೆ" ಎಂದು ಅವರೇ ಹೇಳಿದರು, ತಮಿಳು ಬೆರೆತ ಕನ್ನಡದಲ್ಲಿ. ಮೆಟ್ಟಿಲು ಕಡಿದಾಗಿದೆಯಾ, ರಾತ್ರಿ ಗೇಟ್ ಎಷ್ಟಕ್ಕೆ ಹಾಕುತ್ತಾರೆ ಎಂದೂ ಕೇಳಿ. ಆಶ್ರಮದವರ ಗೆಸ್ಟ್ ಹೌಸ್‌ಗಳು ಅಚ್ಚುಕಟ್ಟಾಗಿವೆ, ಬೆಲೆಯೂ ಕಡಿಮೆ, ಕಡಲ ಎದುರಿಗೇ ಇರುವುದೂ ಒಂದಿದೆ. ಆದರೆ ರಾತ್ರಿ ಗೇಟ್ ಮುಚ್ಚುತ್ತಾರೆ, ಸಿಗರೇಟು, ಮದ್ಯ ಏನೂ ನಡೆಯುವುದಿಲ್ಲ. ಕಟ್ಟುಪಾಡು ಒಪ್ಪುವವರಿಗೆ ಪಾಂಡಿಯಲ್ಲಿ ಅದಕ್ಕಿಂತ ಒಳ್ಳೆಯ ಬೆಳಗು ಸಿಗಲಾರದು. ಮದುವೆಯಾಗದ ಜೋಡಿಗಳು ಹೋಟೆಲಿನ ನಿಯಮವನ್ನು ಫೋನಿನಲ್ಲೇ ನೇರವಾಗಿ ಕೇಳಿಬಿಡಿ, ಬಾಗಿಲಲ್ಲಿ ನಿಂತು ಮುಜುಗರ ಪಡುವುದಕ್ಕಿಂತ ಅದು ಮೇಲು. ಇಬ್ಬರ ಗುರುತಿನ ಚೀಟಿಯೂ ಬೇಕು.

ಬೆಂಗಳೂರಿನಿಂದ ರಾತ್ರಿ ಬಸ್ಸಿಗೆ ಹೋಗುವವರಿಗೆ ಇನ್ನೊಂದು. ಬಸ್ಸು ನಸುಕಿಗೇ ಇಳಿಸಿಬಿಡುತ್ತದೆ, ರೂಮ್ ಸಿಗುವುದು ಮಧ್ಯಾಹ್ನ. ಬ್ಯಾಗ್ ಇಡಲು, ಮುಖ ತೊಳೆಯಲು ಜಾಗ ಕೊಡುತ್ತೀರಾ ಎಂದು ಮೊದಲೇ ಮಾತಾಡಿಕೊಂಡರೆ ಆ ಬೆಳಗು ಹಾಳಾಗುವುದಿಲ್ಲ, ನೇರ ಬೀಚ್ ರೋಡಿಗೆ ಹೋಗಬಹುದು. ಸ್ವಂತ ಕಾರಿನವರು ಪಾರ್ಕಿಂಗ್ ಕೇಳಿ, ಹಳೇ ಬೀದಿಗಳಲ್ಲಿ ಅದೇ ದೊಡ್ಡ ತಲೆನೋವು. ರಜೆ ಸಿಗುವ ಹಾಗಿದ್ದರೆ ಭಾನುವಾರ ಸಂಜೆ ಹೋಗಿ ಮಂಗಳವಾರ ಬನ್ನಿ. ವೈಟ್ ಟೌನ್ ಖಾಲಿ ಇರುತ್ತದೆ, ಬೆಲೆಯೂ ಇಳಿದಿರುತ್ತದೆ, ಆಗ ಕಾಲುವೆ ದಾಟಿ ಪೂರ್ವಕ್ಕೇ ರೂಮ್ ಮಾಡಿ ಎಂದು ನಾನೇ ಹೇಳುತ್ತೇನೆ. ನವೆಂಬರ್ ಮಾತ್ರ ಬೇಡ, ಹಿಂಗಾರು ಮಳೆ ಹಿಡಿದರೆ ಎರಡೂ ಕಡೆ ಒಂದೇ.