ಲಂಡನ್‌ಗೆ ಒಬ್ಬರೇ ಹೊರಟಿದ್ದೀರಾ? ಮೊದಲ ನಾಲ್ಕು ಗಂಟೆಯನ್ನು ಊರಲ್ಲೇ ಮುಗಿಸಿಕೊಳ್ಳಿ

ನಮ್ಮ ಮನೆಯಲ್ಲಿ ಲಂಡನ್ ಹೆಸರು ದಿನಾ ಬರುತ್ತದೆ. ಮೂಡಿಗೆರೆ ಹತ್ತಿರ ಅಪ್ಪನ ರೋಬಸ್ಟಾ ತೋಟ ಇದೆ, ಸ್ವಲ್ಪವೇ. ರೋಬಸ್ಟಾ ಕಾಫಿಯ ವಾಯಿದಾ ವ್ಯಾಪಾರ, ಅಂದರೆ ಮುಂದೆ ಕೊಡುವ ಮಾಲಿಗೆ ಇವತ್ತೇ ರೇಟು ಕಟ್ಟೋದು, ನಡೆಯೋದು ಲಂಡನ್‌ನಲ್ಲಿ, ಅರೇಬಿಕಾದ್ದು ನ್ಯೂಯಾರ್ಕಿನಲ್ಲಿ. ಡಾಲರಿನಲ್ಲಿ ಬರುವ ಆ ರೇಟಿಗೆ ನಮ್ಮ ಕಡೆ ಟರ್ಮಿನಲ್ ಅಂತಾರೆ. ಹಾಗಾಗಿ "ಟರ್ಮಿನಲ್ ಎಷ್ಟಾಯ್ತು" ಅಂತ ಮೊಬೈಲಿನಲ್ಲಿ ನೋಡೋದು ಚಿಕ್ಕಮಗಳೂರು ಕಡೆ ಎಷ್ಟೋ ಮನೆಗಳ ಅಭ್ಯಾಸ. ಇಷ್ಟಾಗಿಯೂ ಆ ಊರನ್ನು ನಮ್ಮಲ್ಲಿ ಯಾರೂ ಕಂಡವರಿರಲಿಲ್ಲ. ಆಫೀಸಿನ ಮೀಟಿಂಗುಗಳಿಗೆ ಒಂದು ವಾರ ಹೋಗುವ ಅವಕಾಶ ಬಂತು, ಅದಕ್ಕೆ ನನ್ನ ರಜೆ ನಾಲ್ಕು ದಿನ ಸೇರಿಸಿಕೊಂಡು ಒಬ್ಬಳೇ ಹೋಗಿಬಂದೆ. ಅಲ್ಲಿಂದೀಚೆಗೆ ನೆಂಟರ ಮಕ್ಕಳೆಲ್ಲ ಫೋನ್ ಮಾಡಿ ಅದೇ ಪ್ರಶ್ನೆಗಳನ್ನು ಕೇಳುತ್ತಿದ್ದಾರೆ, ಅದಕ್ಕೇ ಒಂದೇ ಸಲ ಬರೆದುಬಿಡುತ್ತಿದ್ದೇನೆ.

ಎಲ್ಲರೂ ಹತ್ತು ದಿನದ ಪ್ಲಾನ್ ಹಾಕುತ್ತಾರೆ. ಅದು ಬೇಕಾಗಿಲ್ಲ. ವಿಮಾನ ಇಳಿದಾಗಿನಿಂದ ರೂಮಿನ ಬಾಗಿಲು ಹಾಕಿಕೊಳ್ಳುವವರೆಗಿನ ನಾಲ್ಕು ಗಂಟೆ ಇದೆಯಲ್ಲ, ಕಷ್ಟ ಇರೋದು ಅಲ್ಲಿ. ನಿದ್ದೆ ಇಲ್ಲ, ಫೋನಿಗೆ ನೆಟ್‌ವರ್ಕ್ ಇದೆಯೋ ಇಲ್ಲವೋ ಗೊತ್ತಿಲ್ಲ, "ಬ್ಯಾಗ್ ನೋಡ್ಕೊಳ್ತಿರು, ಬಂದೆ" ಅನ್ನೋಕೆ ಪಕ್ಕದಲ್ಲಿ ಯಾರೂ ಇಲ್ಲ. ಆ ಹೊತ್ತಿನಲ್ಲಿ ತಲೆ ಓಡೋದಿಲ್ಲ. ಆದ್ದರಿಂದ ಅಷ್ಟನ್ನು ಮಾತ್ರ ಊರಲ್ಲೇ ಯೋಚನೆ ಮಾಡಿ, ಒಂದು ಹಾಳೆಯಲ್ಲಿ ಪೆನ್ನಿನಲ್ಲಿ ಬರೆದು ಜೇಬಿಗೆ ಹಾಕಿಕೊಳ್ಳಿ. ಮೊಬೈಲ್ ಸತ್ತರೂ ಹಾಳೆ ಇರುತ್ತದೆ.

ಕಾಗದಪತ್ರ

ಟಿಕೆಟ್ ಮಾಡಿಸುವ ಮೊದಲು ಪಾಸ್‌ಪೋರ್ಟ್ ತೆಗೆದು ನಿಮ್ಮ ಹೆಸರು ಹೇಗಿದೆ ನೋಡಿ. ನಮ್ಮಲ್ಲಿ ಊರಿನ ಹೆಸರು, ಅಪ್ಪನ ಹೆಸರು ಎಲ್ಲ ಇನಿಶಿಯಲ್ ಆಗಿ ಕೂತಿರುತ್ತದೆ, ಆಧಾರಲ್ಲಿ ಒಂದು ಥರ, ಮಾರ್ಕ್ಸ್ ಕಾರ್ಡಲ್ಲಿ ಇನ್ನೊಂದು ಥರ. ಎಷ್ಟೋ ಜನರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗವೇ ಖಾಲಿ. ಟಿಕೆಟ್ಟಿನಲ್ಲೂ ವೀಸಾ ಅರ್ಜಿಯಲ್ಲೂ ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಇರಬೇಕು. ಸರ್‌ನೇಮ್ ಖಾಲಿ ಇದ್ದರೆ ಆ ಜಾಗದಲ್ಲಿ ಏನು ತುಂಬಬೇಕು ಅಂತ ವಿಮಾನ ಕಂಪನಿಗೆ ಮೊದಲೇ ಕೇಳಿ.

ವೀಸಾಗೆ ಅರ್ಜಿ ಬ್ರಿಟಿಷ್ ಸರ್ಕಾರದ ವೆಬ್‌ಸೈಟಿನಲ್ಲೇ ಹಾಕಬೇಕು, ಬೆರಳಚ್ಚು ಮತ್ತು ಫೋಟೊಗೆ ವೀಸಾ ಅರ್ಜಿಗಳ ಕೆಲಸ ನೋಡಿಕೊಳ್ಳುವ ಬೆಂಗಳೂರಿನ ವಿಎಫ್‌ಎಸ್ ಕೇಂದ್ರಕ್ಕೆ ಹೋಗಬೇಕು. ಸ್ಟ್ಯಾಂಡರ್ಡ್ ವಿಸಿಟರ್ ವೀಸಾದಲ್ಲಿ 6 ತಿಂಗಳವರೆಗೆ ಇರಬಹುದು. ಹೊರಡುವ ದಿನಕ್ಕೆ 3 ತಿಂಗಳು ಮುಂಚೆಯಿಂದ ಅರ್ಜಿ ಹಾಕಬಹುದು, ಬೆರಳಚ್ಚು ಕೊಟ್ಟ ಮೇಲೆ ಸಾಮಾನ್ಯವಾಗಿ 3 ವಾರ ಹಿಡಿಯುತ್ತದೆ. ವೀಸಾ ಸಿಗುವವರೆಗೆ ದುಡ್ಡು ವಾಪಸ್ ಬರದ ಟಿಕೆಟ್ ಮಾಡಬೇಡಿ.

ತೋಟದ ಮನೆಯವರಿಗೆ ಒಂದು ಮಾತು. ನಮ್ಮ ಬ್ಯಾಂಕ್ ಖಾತೆ ವರ್ಷವಿಡೀ ಒಣಗಿರುತ್ತದೆ, ಕಾಫಿ ಮಾರಿದಾಗ ಒಂದೇ ಸಲ ತುಂಬುತ್ತದೆ. ನಮಗೆ ಅದು ಸಹಜ, ಆದರೆ ಎಲ್ಲೋ ಕೂತು ಸ್ಟೇಟ್‌ಮೆಂಟ್ ನೋಡುವವರಿಗೆ ವೀಸಾಗೋಸ್ಕರ ಯಾರ ಹತ್ತಿರವೋ ತಂದು ಹಾಕಿದ ದುಡ್ಡಿನ ಹಾಗೆ ಕಾಣುತ್ತದೆ. ಕಾಫಿ ಮಾರಿದ ಬಿಲ್ಲು, ಪಹಣಿ ಜೊತೆಗಿಟ್ಟು, ನಮ್ಮ ಬೆಳೆ ವರ್ಷಕ್ಕೊಂದು ಸಲ ಮಾರಾಟವಾಗುತ್ತದೆ ಅಂತ ಒಂದು ಪುಟದ ಪತ್ರ ಬರೆಯಿರಿ. ಪಹಣಿ ಕನ್ನಡದಲ್ಲಿರುತ್ತದೆ, ಅದನ್ನು ಪ್ರಮಾಣೀಕರಿಸಿದ ಇಂಗ್ಲಿಷ್ ಅನುವಾದದ ಜೊತೆಗೇ ಕೊಡಬೇಕು. ನಾನು ಇದನ್ನು ಕೊನೇ ವಾರದಲ್ಲಿ ತಿಳಿದುಕೊಂಡು ಬೆಂಗಳೂರಿಗೆ ಸುಮ್ನೆ ಎರಡು ಸಲ ಓಡಾಡಿದೆ.

ದುಡ್ಡು, ಫೋನು

ಇದು ಮುಖ್ಯ, ನಿಧಾನಕ್ಕೆ ಓದಿ. ಲಂಡನ್ ಬಸ್ಸಿನಲ್ಲಿ 2014ರಿಂದ ನೋಟು ಚಿಲ್ಲರೆ ತೆಗೆದುಕೊಳ್ಳೋದೇ ಇಲ್ಲ. ಬಸ್ಸಿಗೂ ಟ್ಯೂಬ್ ಅನ್ನೋ ಅಲ್ಲಿನ ಮೆಟ್ರೊ ರೈಲಿಗೂ ನಿಮ್ಮ ಬ್ಯಾಂಕ್ ಕಾರ್ಡನ್ನೇ ಮುಟ್ಟಿಸಿದರೆ ಆಯ್ತು, ಬೇರೆ ಟಿಕೆಟ್ ಬೇಡ. ಆದರೆ ನಮ್ಮ ಕಾರ್ಡುಗಳಲ್ಲಿ ವಿದೇಶದ ಬಳಕೆ ಸಾಮಾನ್ಯವಾಗಿ ಬಂದ್ ಆಗಿರುತ್ತದೆ. ಬ್ಯಾಂಕಿನ ಆ್ಯಪಿಗೆ ಹೋಗಿ ಇಂಟರ್‌ನ್ಯಾಷನಲ್ ಆನ್ ಮಾಡಬೇಕು, ಅದರ ಕೆಳಗೆ ಕಾಂಟ್ಯಾಕ್ಟ್‌ಲೆಸ್ ಅಂತ ಇನ್ನೊಂದು ಸ್ವಿಚ್ ಇರುತ್ತದೆ, ಅದನ್ನೂ ಆನ್ ಮಾಡಬೇಕು. ನಾನು ಮೊದಲನೆಯದನ್ನು ಮಾಡಿ ಎರಡನೆಯದನ್ನು ಮರೆತಿದ್ದೆ. ಗೇಟಿನ ಮುಂದೆ ಕಾರ್ಡ್ ಮುಟ್ಟಿಸುತ್ತೇನೆ, ಕೆಂಪು ದೀಪ. ಮತ್ತೆ ಮುಟ್ಟಿಸುತ್ತೇನೆ, ಕೆಂಪು ದೀಪ. ಹಿಂದೆ ಸಾಲು ನಿಂತ ಜನ ಒಂದು ಮಾತೂ ಆಡದೆ ಪಕ್ಕದ ಗೇಟಿಗೆ ಹೋದರು. ಯಾರಾದರೂ ಬೈದಿದ್ದರೆ ಎಷ್ಟೋ ವಾಸಿ ಅನ್ನಿಸಿತು.

ಎರಡು ಕಾರ್ಡ್ ಇರಲಿ, ಎರಡು ಬೇರೆ ಬೇರೆ ಜಾಗದಲ್ಲಿ. ಕಾರ್ಡಿನ ಮೇಲೆ ವೀಸಾ ಕಂಪನಿಯದೋ ಮಾಸ್ಟರ್‌ಕಾರ್ಡಿನದೋ ಗುರುತು ಇರಲಿ. ಒಂದು, ವಿದೇಶದ ದುಡ್ಡು ತುಂಬಿಸಿಕೊಳ್ಳುವ ಫಾರೆಕ್ಸ್ ಕಾರ್ಡಾದರೆ ಒಳ್ಳೆಯದು, ಅದಕ್ಕೆ ಪೌಂಡ್ ತುಂಬಿಸಿ. ಅಂಗಡಿಯ ಮಷೀನು "ರೂಪಾಯಿಯಲ್ಲಿ ಕೊಡುತ್ತೀರಾ, ಪೌಂಡಿನಲ್ಲಾ" ಅಂತ ಕೇಳಿದರೆ ಪೌಂಡ್ ಒತ್ತಿ. ರೂಪಾಯಿ ಅಂದರೆ ನಮ್ಮದೇ ಅಲ್ವಾ ಅಂತ ಒತ್ತಿದರೆ ಅವರು ಹಾಕಿದ್ದೇ ರೇಟು. ಕಾರ್ಡ್ ಯಾವುದೂ ನಡೆಯದಿದ್ದರೆ ಸ್ಟೇಷನ್ ಮಷೀನಿನಲ್ಲಿ ಆಯ್ಸ್ಟರ್ ಅನ್ನೋ, ದುಡ್ಡು ತುಂಬಿಸಿ ಬಸ್ಸು ಟ್ಯೂಬಿಗೆ ಮುಟ್ಟಿಸುವ ಕಾರ್ಡ್ ಸಿಗುತ್ತದೆ, ಅದಕ್ಕೆ ಬೇಕಾಗುವಷ್ಟು ಪೌಂಡ್ ನೋಟು ಕೈಯಲ್ಲಿರಲಿ.

ಊರಿನ ಸಿಮ್ ತೆಗೆದಿಡಬೇಡಿ, ಬ್ಯಾಂಕಿನ ಓಟಿಪಿ ಬರೋದು ಅದಕ್ಕೇ. ಹೊರಡುವ ಮೊದಲೇ ರೋಮಿಂಗ್ ಆನ್ ಮಾಡಿಸಿಕೊಂಡು, ಡೇಟಾಕ್ಕೆ ಬೇರೆ ಇ-ಸಿಮ್ (ಫೋನಿನೊಳಗೇ ಸೇರಿಸಿಕೊಳ್ಳುವ, ಚಿಪ್ ಬೇಡದ ಸಿಮ್) ಹಾಕಿಕೊಳ್ಳಿ.

ಬೆಂಗಳೂರಿನಲ್ಲಿ ಒಂದು ರಿಹರ್ಸಲ್

ಇದನ್ನು ಹೇಳಿದರೆ ಎಲ್ಲರೂ ನಗುತ್ತಾರೆ, ಆದರೂ ಮಾಡಿ. ಒಂದು ಭಾನುವಾರ ಬೆಂಗಳೂರಿಗೆ ಹೋಗಿ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ನೇರಳೆಯಿಂದ ಹಸಿರು ಲೈನಿಗೆ ಬದಲಾಯಿಸಿ, ಗೊತ್ತಿಲ್ಲದ ಒಂದು ಸ್ಟೇಷನ್ನಿನಲ್ಲಿ ಇಳಿದು, ಒಬ್ಬರೇ ಊಟ ಮಾಡಿ ವಾಪಸ್ ಬನ್ನಿ. ಷರತ್ತು ಒಂದೇ: ಯಾರನ್ನೂ ದಾರಿ ಕೇಳಬಾರದು. ಬಾಯಿ ಇದ್ದವನು ಬರಗಾಲದಲ್ಲೂ ಬದುಕಿದ ಅಂತ ನಂಬಿಕೊಂಡ ಜನ ನಾವು, ಬೋರ್ಡ್ ಕಣ್ಣೆದುರಿಗಿದ್ದರೂ ಕಂಡಕ್ಟರನ್ನು ಕೇಳದೆ ಬಸ್ ಹತ್ತೋದಿಲ್ಲ. ಲಂಡನ್‌ನಲ್ಲಿ ಕೇಳಿದರೆ ಹೇಳುತ್ತಾರೆ, ಪಾಪ. ಆದರೆ ಎಲ್ಲರೂ ಓಡುತ್ತಿರುತ್ತಾರೆ, ಅವರ ಇಂಗ್ಲಿಷು ಮೊದಲ ದಿನ ಕಿವಿಗೆ ಹತ್ತೋದೂ ಇಲ್ಲ. ಆ ಊರಲ್ಲಿ ಬೋರ್ಡು ಸುಳ್ಳು ಹೇಳೋದಿಲ್ಲ, ಓದೋ ಅಭ್ಯಾಸ ಒಂದಿದ್ದರೆ ಸಾಕು.

ಬ್ಯಾಗಿನದೂ ಪರೀಕ್ಷೆ ಮಾಡಿ. ತುಂಬಿದ ಸೂಟ್‌ಕೇಸನ್ನು ಒಬ್ಬರೇ ಎತ್ತಿಕೊಂಡು ಮಹಡಿ ಹತ್ತಿ ನೋಡಿ. ಎಷ್ಟೋ ಟ್ಯೂಬ್ ಸ್ಟೇಷನ್ನುಗಳಲ್ಲಿ ಲಿಫ್ಟ್ ಇಲ್ಲ, ಹಳೇ ಕಟ್ಟಡದ ಸಣ್ಣ ಹೋಟೆಲುಗಳಲ್ಲೂ ಇರೋದಿಲ್ಲ. ಹತ್ತಲಾಗದಿದ್ದರೆ ಅರ್ಧ ಇಳಿಸಿ. ಅಮ್ಮ ತುಂಬಿದ ತುಪ್ಪದ ಬಾಟ್ಲಿ, ಹಾಲಿನ ಪೇಡ ಮೊದಲು ತೆಗೆಯಿರಿ, ಭಾರಕ್ಕಲ್ಲ, ನಮ್ಮ ದೇಶದಿಂದ ಮಾಂಸ, ಹಾಲು ಮತ್ತು ಅವುಗಳಿಂದ ಮಾಡಿದ್ದನ್ನು ಬ್ರಿಟನ್ನಿಗೆ ಒಯ್ಯುವ ಹಾಗಿಲ್ಲ. ಚಟ್ನಿಪುಡಿ, ಕಾಫಿಪುಡಿಗೆ ಯಾರ ತಕರಾರೂ ಇಲ್ಲ. ಅಲ್ಲಿನ ಪ್ಲಗ್ಗಿಗೆ ಚೌಕದ ಮೂರು ಪಿನ್ನು, ಅಡಾಪ್ಟರ್ ಒಂದು ಬೇಕು. ಪವರ್ ಬ್ಯಾಂಕ್ ಕೈಚೀಲದಲ್ಲಿ. ಖಾಲಿ ನೀರಿನ ಬಾಟ್ಲಿಯೂ ಇರಲಿ: ನಲ್ಲಿ ನೀರನ್ನೇ ಕುಡಿಯಬಹುದು, ಮತ್ತೆ ಅಲ್ಲಿನ ಬಾತ್‌ರೂಮಿನಲ್ಲಿ ಇರೋದು ಬರೀ ಪೇಪರ್. ಅರ್ಥ ಆಯ್ತಲ್ಲ, ಅದಕ್ಕೊಂದು ಬೇರೆ ಬಾಟ್ಲಿ.

ಹೊರಡುವ ದಿನ ಹಾಸನದ ಮೇಲೆ ಬಂದರೂ ಕಡೂರು–ತುಮಕೂರಿನ ಮೇಲೆ ಬಂದರೂ ನೆಲಮಂಗಲದಲ್ಲಿ ಸಿಕ್ಕಿಹಾಕಿಕೊಳ್ಳೋದು ತಪ್ಪಿದ್ದಲ್ಲ. ತುಮಕೂರು ಕಡೆಯಿಂದ ಕಾರಿನಲ್ಲಿ ಬರುವವರು ದಾಬಸ್‌ಪೇಟೆಯಲ್ಲೇ ದೊಡ್ಡಬಳ್ಳಾಪುರ, ದೇವನಹಳ್ಳಿ ದಾರಿಗೆ ತಿರುಗಿದರೆ ಬೆಂಗಳೂರು ಹೊಕ್ಕುವ ಗೋಳಿಲ್ಲ. ಬಸ್ಸಿನವರು ಮೆಜೆಸ್ಟಿಕ್‌ನಿಂದ ಏರ್‌ಪೋರ್ಟಿಗೆ ಹೋಗುವ ವಾಯುವಜ್ರ ಬಸ್ ಹಿಡಿಯಿರಿ. ವಿದೇಶದ ವಿಮಾನಗಳು ಟರ್ಮಿನಲ್ 2ರಿಂದ. ಅರ್ಧ ದಿನ ಕೈಯಲ್ಲಿಟ್ಟುಕೊಂಡೇ ಮನೆ ಬಿಡಿ. ಮೊದಲ ಸಲ ಅಂದರೆ ಬೆಂಗಳೂರಿನಿಂದ ನೇರ ಲಂಡನ್ನಿನ ಹೀಥ್ರೋ ಏರ್‌ಪೋರ್ಟಿಗೆ ಹೋಗುವ ವಿಮಾನಕ್ಕೆ ಸ್ವಲ್ಪ ಜಾಸ್ತಿ ಕೊಟ್ಟರೂ ನಷ್ಟವಿಲ್ಲ. ಹಗಲು ಇಳಿಯುವಂಥದ್ದು ನೋಡಿ. ಡಿಸೆಂಬರಿನಲ್ಲಿ ಅಲ್ಲಿ ನಾಲ್ಕು ಗಂಟೆಗೇ ಕತ್ತಲು, ಜೂನಿನಲ್ಲಾದರೆ ರಾತ್ರಿ ಒಂಬತ್ತಾದರೂ ಬೆಳಕು.

ಇಳಿದ ಮೇಲೆ

ಇಮಿಗ್ರೇಷನ್ನಿನಲ್ಲಿ ಕೇಳೋದು ಯಾಕೆ ಬಂದಿರಿ, ಎಷ್ಟು ದಿನ, ಎಲ್ಲಿ ಉಳಿಯುತ್ತೀರಿ, ಖರ್ಚು ಯಾರದು. ಕೇಳಿದ್ದಕ್ಕೆ ಒಂದೊಂದೇ ವಾಕ್ಯದ ಉತ್ತರ. ನಮ್ಮ ದೊಡ್ಡಪ್ಪನ ಮಗಳು ಅಮೆರಿಕದಲ್ಲಿದ್ದಾಳೆ ಅನ್ನೋ ಕತೆ ಬೇಡ ಮಾರಾಯ್ರೆ.

ಹೀಥ್ರೋದಿಂದ ಊರೊಳಕ್ಕೆ ಮೂರು ರೈಲು. ಪಿಕ್ಕಡಿಲಿ ಲೈನು ಅಗ್ಗ, ಸುಮಾರು ಒಂದು ಗಂಟೆ. ಎಲಿಜಬೆತ್ ಲೈನು ಬೇಗ, ದುಡ್ಡು ಜಾಸ್ತಿ, ಲಗೇಜಿಗೆ ಜಾಗವೂ ಜಾಸ್ತಿ. ಹೀಥ್ರೋ ಎಕ್ಸ್‌ಪ್ರೆಸ್ 15 ನಿಮಿಷಕ್ಕೆ ಊರೊಳಗಿನ ಪ್ಯಾಡಿಂಗ್ಟನ್ ಸ್ಟೇಷನ್ ಮುಟ್ಟಿಸುತ್ತದೆ, ನಮಗೆ ಅಷ್ಟು ಅರ್ಜೆಂಟಿಲ್ಲ. ನನ್ನ ಹಾಳೆಯಲ್ಲಿ ಇದ್ದದ್ದು ಇಷ್ಟೇ: ಎಲಿಜಬೆತ್ ಲೈನಿನಲ್ಲಿ ಟಾಟೆನ್‌ಹ್ಯಾಮ್ ಕೋರ್ಟ್ ರೋಡ್, ಅಲ್ಲಿಂದ ನಾರ್ದರ್ನ್ ಲೈನಿನಲ್ಲಿ ಕ್ಯಾಮ್ಡನ್ ಟೌನ್, ಆಮೇಲೆ ಆರು ನಿಮಿಷ ನಡಿಗೆ. ರೂಮ್ ಹಿಡಿಯುವಾಗ ಈ ಕೊನೆಯ ನಡಿಗೆ ಹತ್ತು ನಿಮಿಷ ಮೀರದ ಹಾಗೆ ನೋಡಿಕೊಳ್ಳಿ.

ಟ್ಯೂಬ್ ಹತ್ತುವಾಗಲೂ ಇಳಿಯುವಾಗಲೂ ಒಂದೇ ಕಾರ್ಡ್ ಮುಟ್ಟಿಸಬೇಕು. ಹತ್ತುವಾಗ ಕಾರ್ಡು, ಇಳಿಯುವಾಗ ಫೋನು ಮಾಡಿದರೆ ಲೆಕ್ಕ ತಪ್ಪಿ ಜಾಸ್ತಿ ಕತ್ತರಿಸುತ್ತದೆ. ಒಂದು ದಿನಕ್ಕೆ ಇಷ್ಟೇ ಅಂತ ಮಿತಿ ಇದೆ, ಎಷ್ಟು ಓಡಾಡಿದರೂ ಅದಕ್ಕಿಂತ ಹೆಚ್ಚು ಹಿಡಿಯೋದಿಲ್ಲ. ಬಸ್ಸಿನಲ್ಲಿ ಹತ್ತುವಾಗ ಮಾತ್ರ ಮುಟ್ಟಿಸಿ. ಎಸ್ಕಲೇಟರಿನಲ್ಲಿ ಬಲಗಡೆ ನಿಲ್ಲಿ, ಎಡಗಡೆ ಓಡುವವರಿಗೆ.

ಪ್ಲಾಟ್‌ಫಾರ್ಮಿನಲ್ಲಿ ನಾರ್ತ್‌ಬೌಂಡ್, ಸೌತ್‌ಬೌಂಡ್, ಈಸ್ಟ್‌ಬೌಂಡ್ ಅಂತ, ಅಂದರೆ ರೈಲು ಯಾವ ದಿಕ್ಕಿಗೆ ಹೋಗುತ್ತದೆ ಅಂತ ಬರೆದಿರುತ್ತಾರೆ. ಪೇಟೆಯ ಹುಡುಗರಿಗೆ ತಲೆ ಕೆಡುತ್ತದೆ. ಜಮೀನಿನ ಚಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ) ಓದಿ ಗೊತ್ತಿರೋ ನಮಗೆ ಇದೇನು ಹೊಸದಲ್ಲ, ಮ್ಯಾಪಿನಲ್ಲಿ ನೀವು ಹೋಗೋ ಸ್ಟೇಷನ್ ಮೂಡಲೋ ಪಡುವಲೋ ನೋಡಿದರೆ ಮುಗಿಯಿತು. ಆದರೆ ನಾರ್ದರ್ನ್ ಲೈನಿನಲ್ಲಿ ಒಂದು ಮೋಸ ಇದೆ. ಊರ ನಡುವೆ ಅದು ಎರಡು ಕವಲಾಗುತ್ತದೆ, ಒಂದು ಬ್ಯಾಂಕ್ ಅನ್ನೋ ಸ್ಟೇಷನ್ ಮೇಲೆ, ಒಂದು ಚೇರಿಂಗ್ ಕ್ರಾಸ್ ಸ್ಟೇಷನ್ ಮೇಲೆ. ಎರಡನೇ ದಿನ ಬ್ಯಾಂಕ್ ಕವಲಿನ ಲಂಡನ್ ಬ್ರಿಜ್ ಸ್ಟೇಷನ್ನಿಗೆ ಅಂತ ದಕ್ಷಿಣದ ರೈಲು ಹತ್ತಿ, ಕವಲು ನೋಡದೆ ಇನ್ನೊಂದು ಕವಲಿನ ವಾಟರ್‌ಲೂ ಸ್ಟೇಷನ್ನಿನಲ್ಲಿ ಕಣ್ಣು ಬಿಟ್ಟೆ. ಎದೆ ಡವಡವ. ಗೋಡೆಗೊರಗಿ ನಿಂತು ಮ್ಯಾಪ್ ನೋಡಿದರೆ ಜುಬಿಲಿ ಲೈನಿನಲ್ಲಿ ಎರಡೇ ಸ್ಟಾಪು. ತಪ್ಪಾದರೆ ಮಾಡೋದು ಇಷ್ಟೇ: ಮುಂದಿನ ಸ್ಟೇಷನ್ನಿನಲ್ಲಿ ಇಳಿದು, ಜನರ ಕಾಲಿಗೆ ಸಿಗದ ಹಾಗೆ ಗೋಡೆ ಹಿಡಿದು ನಿಂತು, ಮ್ಯಾಪ್ ನೋಡೋದು.

ಮೊಬೈಲ್ ಹಿಡಿದು ರಸ್ತೆ ಅಂಚಿನಲ್ಲಿ ನಿಲ್ಲಬೇಡಿ. ಸೈಕಲ್, ಸ್ಕೂಟರಿನಲ್ಲಿ ಬಂದು ಕಿತ್ತುಕೊಂಡು ಹೋಗುವವರು ಇದ್ದಾರೆ. ದಾರಿ ನೋಡಬೇಕಾದರೆ ಅಂಗಡಿ ಬಾಗಿಲ ಕಡೆ ಸರಿದು ನೋಡಿ. ತುರ್ತಿಗೆ 999. ಪಾಸ್‌ಪೋರ್ಟ್ ಕಳೆದರೆ ಆಲ್ಡ್‌ವಿಚ್‌ನ ಇಂಡಿಯಾ ಹೌಸ್, ಅಲ್ಲೇ ನಮ್ಮ ಹೈಕಮಿಷನ್ ಇರೋದು. ಪಾಸ್‌ಪೋರ್ಟ್, ವೀಸಾದ ಫೋಟೊ ತೆಗೆದು ಮನೆಯವರಿಗೆ ಮೊದಲೇ ಕಳಿಸಿರಿ.

ಮೂರನೇ ದಿನ ಸಂಜೆ ಬೇಜಾರಾಗುತ್ತದೆ, ನನಗಂತೂ ಆಯ್ತು. ಬೆಳಗಿಂದ "ಥ್ಯಾಂಕ್ಯೂ", "ಸಾರಿ" ಬಿಟ್ಟರೆ ಬಾಯಿಂದ ಬೇರೆ ಮಾತು ಬಂದಿರೋದಿಲ್ಲ. ಅವತ್ತು ಈಸ್ಟ್ ಹ್ಯಾಮ್‌ಗೋ ಟೂಟಿಂಗ್‌ಗೋ ಹೋಗಿ ದೋಸೆ ತಿನ್ನಿ, ನಮ್ಮ ಊರಿನ ದೋಸೆಗೆ ಸಮ ಅಲ್ಲ, ಆದರೂ ತಿನ್ನಿ. ಮಾರನೇ ದಿನ ವಾಕ್ಸ್‌ಹಾಲ್ ಸ್ಟೇಷನ್‌ನಲ್ಲಿ ಇಳಿದು ಥೇಮ್ಸ್ ದಂಡೆ ಹಿಡಿದು ಲ್ಯಾಂಬೆತ್ ಕಡೆ ನಡೆದರೆ ಬಸವಣ್ಣನ ಪ್ರತಿಮೆ ಇದೆ, 2015ರ ನವೆಂಬರ್ 14ರಂದು ಪ್ರಧಾನಿ ಮೋದಿ ಅನಾವರಣ ಮಾಡಿದ್ದು. ಸೌತ್ ಕೆನ್ಸಿಂಗ್ಟನ್‌ನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ ಟಿಪ್ಪುವಿನ ಮರದ ಹುಲಿ ಇದೆ, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿಂದ ಹೋದದ್ದು. ಅದನ್ನು ನೋಡೋಕೆ ದುಡ್ಡಿಲ್ಲ, ಬ್ರಿಟಿಷ್ ಮ್ಯೂಸಿಯಮ್ಮಿಗೂ ಇಲ್ಲ. ಉಳಿದದ್ದೆಲ್ಲ ನಿಮ್ಮ ಇಷ್ಟ.

ಮನೆಗೆ ಫೋನ್ ಮಾಡುವಾಗ ಗಂಟೆ ನೋಡಿಕೊಳ್ಳಿ. ಬೇಸಿಗೆಯಲ್ಲಿ ನಾವು ನಾಲ್ಕೂವರೆ ಗಂಟೆ ಮುಂದೆ, ಚಳಿಗಾಲದಲ್ಲಿ ಐದೂವರೆ. ಚಳಿಗಾಲದಲ್ಲಾದರೆ ನಮ್ಮ ಟೈಮ್ ತೋರಿಸುವ ಮುಳ್ಳಿನ ವಾಚನ್ನು ತಲೆಕೆಳಗೆ ಹಿಡಿದರೆ ಲಂಡನ್ ಟೈಮ್ ಕಾಣುತ್ತದೆ, ಹನ್ನೆರಡು ಗಂಟೆ ಆರೂವರೆ ಆಗುತ್ತದೆ, ಹಿಡಿದು ನೋಡಿ.

ವಾಪಸ್ ಹೊರಡುವಾಗ ಟಿಕೆಟ್ಟಿನಲ್ಲಿ ಯಾವ ಟರ್ಮಿನಲ್ ಅಂತ ಎರಡು ಸಲ ಓದಿ. ಹೀಥ್ರೋದಲ್ಲಿ 2 ಮತ್ತು 3 ಅಕ್ಕಪಕ್ಕ, 4 ಮತ್ತು 5 ದೂರ ದೂರ, ರೈಲುಗಳೂ ಬೇರೆ ಬೇರೆ. ನನ್ನದು ಐದು. ಒಳಗೆ ಹೋಗಿ ಕೂತು ಮನೆಗೆ ಫೋನ್ ಮಾಡಿದೆ. ಗದ್ದಲದಲ್ಲಿ ಅಪ್ಪನಿಗೆ ಸರಿಯಾಗಿ ಕೇಳಿಸುತ್ತಿರಲಿಲ್ಲ. "ಟರ್ಮಿನಲ್ ಐದು ಅಪ್ಪ" ಅಂದೆ. ಒಂದು ಗಳಿಗೆ ಸುಮ್ಮನಿದ್ದು, "ಐದು ಸಾವಿರ ಡಾಲರ್ ಆಯ್ತಾ?" ಅಂದರು.